ಬೀಗ ಹಾಕಿದ ಎಕ್ಸ್-ರೇ

ಶವಪರೀಕ್ಷೆಯ ವೈದ್ಯರು ಸ್ಟೀಲ್ ತಟ್ಟೆಯನ್ನು ಇನ್ಸ್‌ಪೆಕ್ಟರಮ್ಮನ ಮುಂದಿಟ್ಟರು. ತಟ್ಟೆಯಲ್ಲಿ ಬೆರಳುದ್ದದ ಇಕ್ಕಳವೊಂದು ಬಿದ್ದಿತ್ತು.

"ಹೊಟ್ಟೆಯೊಳಗಿತ್ತು. ಆಪರೇಷನ್ ಮಾಡಿದವರು ಮರೆತು ಹೊಲಿದುಬಿಟ್ಟಿದ್ದಾರೆ."

ಸತ್ತವಳು ಸಂಗೀತದ ಟೀಚರ್. ಬದುಕಿ ಬಾಳಬೇಕಾದ ವಯಸ್ಸು. ಆಪರೇಷನ್ ಆದಮೇಲೆ ನೋವು ತಡೆಯಲಾಗುತ್ತಿಲ್ಲ ಎಂದಿದ್ದಳು. ಎಕ್ಸ್-ರೇ ತೆಗೆದರು. ಏನೂ ಇಲ್ಲ ಎಂದು ವರದಿ ಬಂತು. ವಾರದೊಳಗೆ ತೀರಿಕೊಂಡಳು.

"ಎಕ್ಸ್-ರೇಯಲ್ಲಿ ಇದು ಕಾಣಿಸಲೇಬೇಕಲ್ವಾ?"

"ಕಣ್ಣಿಗೆ ರಾಚೋ ಹಾಗೆ ಕಾಣಿಸುತ್ತೆ."

ಮರೆವನ್ನು ಕ್ಷಮಿಸಬಹುದೇನೋ. ಆದರೆ ಕಾಣಬೇಕಾದದ್ದು ಯಾಕೆ ಕಾಣಲಿಲ್ಲ ಎಂಬುದು ಬೇರೆಯೇ ಮಾತು.

* * *

ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ ಕಿಟಕಿಯಿರಲಿಲ್ಲ. ಒಂದೇ ಕಂಪ್ಯೂಟರಿನ ಸುತ್ತ ನಾಲ್ವರು ನಿಂತಿದ್ದರು: ಚಿತ್ರ ತೆಗೆದ ಟೆಕ್ನೀಷಿಯನ್, ವರದಿ ಬರೆದ ಡಾಕ್ಟರಮ್ಮ, ಆಪರೇಷನ್ ಮಾಡಿದ ಸರ್ಜನ್, ಮತ್ತು ಸತ್ತವಳ ಗಂಡ.

"ನಾನು ಕಂಡದ್ದನ್ನೇ ಬರೆದೆ," ಎಂದರು ಡಾಕ್ಟರಮ್ಮ. "ನನಗೆ ಬರೋದು ಕಾಪಿ. ಅದರಲ್ಲಿ ಇಕ್ಕಳ ಇರಲಿಲ್ಲ."

"ಇತ್ತು," ಎಂದ ಟೆಕ್ನೀಷಿಯನ್. "ತೆಗೆದ ತಕ್ಷಣ ನೋಡಿದೆ. ಸರ್ಜನ್ ಸಾಹೇಬರಿಗೆ ಫೋನ್ ಮಾಡಿ ಹೇಳಿದೆ."

"ಚಿತ್ರ ರೆಡಿ ಅಂದ, ಅಷ್ಟೆ. ನಾನು ತೆರೆದೂ ನೋಡಿಲ್ಲ. ವರದಿ ಓದಿ ಸುಮ್ಮನಾದೆ," ಎಂದರು ಸರ್ಜನ್.

"ಹಾಗಾದ್ರೆ ಮೂಲ ಚಿತ್ರ ನೋಡೋಣ," ಎಂದರು ಇನ್ಸ್‌ಪೆಕ್ಟರಮ್ಮ.

"ಅದಕ್ಯಾಕೆ ಮೇಡಂ ತೊಂದರೆ? ಕಾಪಿ ಇದೆಯಲ್ಲ," ಎಂದರು ಸರ್ಜನ್.

"ಇರಲಿ, ತೆರೀರಿ."

ಮೂಲಕ್ಕೆ ಬೀಗವಿತ್ತು. ಅದರ ಗುಪ್ತಪದ ಟೆಕ್ನೀಷಿಯನ್ ಒಬ್ಬನಿಗೇ ಗೊತ್ತು. ಅವನು ಅದನ್ನು ಒತ್ತಿದ. ಪರದೆಯ ಮೇಲೆ ಪಕ್ಕೆಲುಬು, ಬೆನ್ನುಮೂಳೆ, ಬೂದು ನೆರಳು. ಇಕ್ಕಳ ಇರಲಿಲ್ಲ.

ಇನ್ಸ್‌ಪೆಕ್ಟರಮ್ಮ ಪರದೆ ಬಿಟ್ಟು ಮುಖಗಳನ್ನು ನೋಡಿದರು. ಡಾಕ್ಟರಮ್ಮ ಸಮಾಧಾನದ ಉಸಿರು ಬಿಟ್ಟರು. ಟೆಕ್ನೀಷಿಯನ್ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದ. ಸರ್ಜನ್ ಕನ್ನಡಕ ಏರಿಸಿಕೊಂಡು ಪರದೆಗೆ ಬಾಗಿ, "ಇದು ಮೂಲವೇನಾ?" ಎಂದರು. ಆಮೇಲೆ ನೆಟ್ಟಗಾಗಿ ಟೆಕ್ನೀಷಿಯನ್ನನ ಕಡೆ ಬೆರಳು ತೋರಿಸಿದರು.

"ಅಳಿಸಿದ್ದು ಯಾರು ಅಂತ ಇನ್ನೂ ಕೇಳಬೇಕಾ? ಗುಪ್ತಪದ ಇರೋದು ಇವನ ಹತ್ರ. ಕಾಪಿ ಕಳಿಸೋ ಮೊದಲೇ ಅಳಿಸಿದ, ಈಗ ಫೋನಲ್ಲಿ ಹೇಳಿದ್ದೆ ಅಂತ ಕತೆ ಕಟ್ಟುತ್ತಿದ್ದಾನೆ."

ಗಂಡ ಟೆಕ್ನೀಷಿಯನ್ನನ ಕೊರಳಪಟ್ಟಿಗೆ ಕೈ ಹಾಕಿದ. ಬಿಡಿಸಿಕೊಳ್ಳಲೂ ಹೋಗದೆ ಅವನು ನಿಂತೇ ಇದ್ದ. ಸಾಕ್ಷಿ ನಾಶ, ಸಾವಿಗೆ ಕಾರಣ. ಎರಡೂ ಸೇರಿದರೆ ಅವನ ಬಾಳು ಮುಗಿದಂತೆ. ಇನ್ಸ್‌ಪೆಕ್ಟರಮ್ಮ ಅವನನ್ನು ಠಾಣೆಗೆ ಕರೆದೊಯ್ದರು. ಆದರೆ ಅವರ ಮನಸ್ಸು ಒಪ್ಪಲಿಲ್ಲ.

* * *

ಮರುದಿನ ಬೆಳಿಗ್ಗೆ ಅವರು ಆಸ್ಪತ್ರೆಗೆ ಆ ಪ್ರೋಗ್ರಾಂ ಬರೆದುಕೊಟ್ಟ ಹುಡುಗಿಯನ್ನು ಹುಡುಕಿಕೊಂಡು ಹೋದರು.

"ಗುಪ್ತಪದ ಇಲ್ಲದೆ ಮೂಲವನ್ನ ತಿದ್ದಬಹುದಾ?"

"ಸಾಧ್ಯವೇ ಇಲ್ಲ."

"ಕಾಪಿ ಹೇಗೆ ಮಾಡ್ತೀಯಮ್ಮ? ನನಗೆ ತಿಳಿಯೋ ಹಾಗೆ ಹೇಳು."

"ಚಿತ್ರ ಅಂದ್ರೆ ಚುಕ್ಕಿಗಳು ಮೇಡಂ. ಒಂದೊಂದು ಚುಕ್ಕಿಗೂ ಒಂದು ಪೂರ್ಣಾಂಕ. ಕಪ್ಪಾದ್ರೆ ಸೊನ್ನೆ, ಬೆಳ್ಳಗಾದಷ್ಟೂ ದೊಡ್ಡ ಸಂಖ್ಯೆ. ಎಲ್ಲಾ ಸಂಖ್ಯೆಗಳನ್ನ ಸಾಲಾಗಿ ಒಂದು ಅರೇಯಲ್ಲಿ, ಅಂದ್ರೆ ಖಾನೆಗಳ ಸಾಲಲ್ಲಿ, ಇಡ್ತೀವಿ. 'ಚಿತ್ರ' ಅನ್ನೋ ಆಬ್ಜೆಕ್ಟ್ ಕಾವಲುಗಾರನ ಹಾಗೆ ಆ ಅರೇಯನ್ನ ಕಾಯುತ್ತೆ. ಕಾಪಿ ಬೇಕು ಅಂದ್ರೆ ಇನ್ನೊಂದು ಆಬ್ಜೆಕ್ಟ್ ಮಾಡಿ, ಅರೇಯನ್ನ ಅದರ ಕೈಗೆ..."

ಮಾತು ಅಲ್ಲಿಗೇ ನಿಂತಿತು. ಅವಳು ಪ್ರೋಗ್ರಾಂ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಏನಾಯ್ತು?"

"ಸಂಖ್ಯೆಗಳನ್ನ ಹೊಸ ಅರೇಗೆ ಒಂದೊಂದಾಗಿ ಬರೀಬೇಕಿತ್ತು. ಜಾಗ ಉಳಿಯಲಿ ಅಂತ ಹಳೇ ಅರೇಯನ್ನೇ ಕೊಟ್ಟುಬಿಟ್ಟಿದ್ದೀನಿ. ಆಬ್ಜೆಕ್ಟ್ ಎರಡು, ಅರೇ ಒಂದೇ. ಒಂದೇ ಮನೆಗೆ ಎರಡು ಬಾಗಿಲು ಇಟ್ಟ ಹಾಗೆ."

"ಬೀಗ?"

"ಮುಂಬಾಗಿಲಿಗೆ ಮಾತ್ರ ಹಾಕಿದ್ದೆ." ಅವಳ ದನಿ ಇಳಿಯಿತು. "ಕಾಪಿಯಲ್ಲಿ ತಿದ್ದೋ ಕುಂಚ ಆಡಿಸಿದ್ರೆ ಮೂಲದಲ್ಲೂ ಅಳಿಸುತ್ತೆ. ಮುಚ್ಚುವಾಗ ಅದೇ ಸಂಖ್ಯೆಗಳು ಸೇವ್ ಆಗುತ್ತವೆ."

"ಕಾಪಿ ಯಾರ್ಯಾರು ತೆರೆದ್ರು?"

"ಆ ದಾಖಲೆ ಇಟ್ಟಿಲ್ಲ. ಕಾಪಿ ತಾನೇ ಅಂತ. ವರದಿ ಬರೆಯೋ ಡಾಕ್ಟರು, ಸರ್ಜನ್, ಇಬ್ಬರಿಗೂ ಅದೇ ಕಾಪಿ ಹೋಗುತ್ತೆ."

"ಇಕ್ಕಳ ಇತ್ತು ಅನ್ನೋಕೆ ಈಗ ಏನೂ ಉಳಿದಿಲ್ವಾ?"

ಹುಡುಗಿ ಯೋಚಿಸಿದಳು. "ಪಟ್ಟಿಯಲ್ಲಿ ಹೆಸರಿನ ಪಕ್ಕ ಒಂದು ಪುಟ್ಟ ಚಿತ್ರ ಬರುತ್ತೆ. ಚಿತ್ರ ತೆಗೆದ ಕ್ಷಣವೇ ಅದು ಆಗುತ್ತೆ. ಅಳತೆ ಚಿಕ್ಕದು, ಹಾಗಾಗಿ ಅದಕ್ಕೆ ಬೇರೆ ಅರೇ ಮಾಡಲೇಬೇಕಿತ್ತು. ಅದನ್ನ ಯಾರೂ ಮುಟ್ಟೋಕಾಗಲ್ಲ."

* * *

ಅದೇ ಕೋಣೆ, ಅದೇ ಜನ. ಉಗುರಿನಷ್ಟಿದ್ದ ಚಿತ್ರವನ್ನು ಹುಡುಗಿ ಹಿಗ್ಗಿಸಿದಳು. ಮಸುಕಾಗಿತ್ತು. ಆದರೂ ಬೆನ್ನುಮೂಳೆಯ ಪಕ್ಕದಲ್ಲಿ ಬಿಳಿಯ ಇಕ್ಕಳ ಅಡ್ಡಡ್ಡ ಮಲಗಿತ್ತು. ಗಂಡ ಪರದೆಯ ಹತ್ತಿರ ಬಂದು ನಿಂತ.

ಇನ್ಸ್‌ಪೆಕ್ಟರಮ್ಮ ನಡೆದದ್ದನ್ನು ಬಿಡಿಸಿ ಹೇಳಿದರು. "ಕಾಪಿ ಹೋದದ್ದು ಇಬ್ಬರಿಗೆ. ಮೂಲ ತೆರೆದಾಗ ಡಾಕ್ಟರಮ್ಮನಿಗೆ ಸಮಾಧಾನ ಆಯ್ತು. ತಾವು ಕಂಡದ್ದೇ ಅಲ್ಲೂ ಇತ್ತಲ್ಲ. ಬೆಚ್ಚಿಬಿದ್ದವರು ಇನ್ನಿಬ್ಬರು. ಟೆಕ್ನೀಷಿಯನ್ ಇಕ್ಕಳವನ್ನ ನೋಡಿದ್ದ, ನೋಡಿದೆ ಅಂತ ಹೇಳಿಯೂ ಇದ್ದ. ಸರ್ಜನ್ ಸಾಹೇಬ್ರೇ, ನೀವು ಏನೂ ನೋಡೇ ಇಲ್ಲ ಅಂದ್ರಿ. ಖಾಲಿ ಚಿತ್ರ ಕಂಡು ನಿಮಗ್ಯಾಕೆ ಆಶ್ಚರ್ಯ ಆಯ್ತು?"

ಸರ್ಜನ್ ಕನ್ನಡಕ ತೆಗೆದು ಒರೆಸತೊಡಗಿದರು.

"ಫೋನ್ ಬಂದ ಕೂಡಲೇ, ಡಾಕ್ಟರಮ್ಮ ನೋಡೋ ಮೊದಲೇ, ಕಾಪಿಯಲ್ಲಿ ಅಳಿಸಿದ್ರಿ. ಮೂಲದಲ್ಲಿ ಉಳಿದಿದೆ ಅಂದ್ಕೊಂಡಿದ್ರಿ. ಅದಕ್ಕೇ ಮೂಲ ತೆರೆಯೋದು ಬೇಡ ಅಂದದ್ದು. ಅಲ್ಲೂ ಇಲ್ಲ ಅಂದಾಗ ಆಶ್ಚರ್ಯ. ಮರುಕ್ಷಣ ಇವನ ತಲೆಗೆ ಕಟ್ಟಿದ್ರಿ."

ಸರ್ಜನ್ ಕುರ್ಚಿಯಲ್ಲಿ ಕುಸಿದರು. "ನಾಲ್ಕು ದಿನ ಬಿಟ್ಟು ಬೇರೇನೋ ನೆಪ ಹೇಳಿ ತೆಗೆಯೋಣ ಅಂತಿದ್ದೆ. ಹೆಸರು ಕೆಡುತ್ತೆ ಅಂತ... ಇಷ್ಟು ಬೇಗ ಹೋಗ್ತಾಳೆ ಅಂದ್ಕೊಂಡಿರಲಿಲ್ಲ."

ಪೇದೆ ಅವರನ್ನು ಎಬ್ಬಿಸಿಕೊಂಡು ಹೋದ.

"ಅವತ್ತೇ ತೆಗೆದಿದ್ರೆ?" ಗಂಡ ಕೇಳಿದ.

"ಬದುಕ್ತಿದ್ರು," ಎಂದರು ಡಾಕ್ಟರಮ್ಮ.

ಇನ್ಸ್‌ಪೆಕ್ಟರಮ್ಮ ಟೆಕ್ನೀಷಿಯನ್ನನ ಬೆನ್ನು ತಟ್ಟಿ, "ನೀನು ಮನೆಗೆ ಹೋಗಪ್ಪ," ಎಂದರು. ಅವನು ಬಾಗಿಲವರೆಗೆ ಹೋದ. ಅಲ್ಲಿ ಗಂಡ ಅಡ್ಡ ನಿಂತ. ಈ ಸಲ ಕೈ ಎತ್ತಲಿಲ್ಲ.

"ನೀವು ಕಣ್ಣಾರೆ ಕಂಡಿದ್ರಿ. ಅವರಿಗೊಬ್ಬರಿಗೆ ಹೇಳಿ ಸುಮ್ಮನಾದ್ರಿ. ನಾನು ಇದೇ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ನನಗೊಂದು ಮಾತು ಹೇಳಬಾರದಿತ್ತಾ?"

ಟೆಕ್ನೀಷಿಯನ್ ತಲೆ ತಗ್ಗಿಸಿದ. ಬಿಡುಗಡೆಯಾದ ಮನುಷ್ಯ ಬಾಗಿಲು ದಾಟಲಾರದೆ ಅಲ್ಲೇ ನಿಂತ.