ಜಾಲರಿ ತೊಳೆಯುವ ನೆಪ

"ಇದನ್ನ ತೊಳೆಯೋದು ನಮಗೆ ಮಾತ್ರ ಯಾಕೆ ಕಲಿಸಲಿಲ್ಲ?"

ಗಿರಿಧರ ಹಿತ್ತಲ ಬಾಗಿಲು ದಾಟುವ ಮೊದಲೇ ಪ್ರಶ್ನೆ ಬಂತು. ಶ್ರೀಗೌರಿಯ ಕೈಯಲ್ಲಿ ಡ್ರಿಪ್ ಪೈಪಿನ ಫಿಲ್ಟರ್ ಇತ್ತು. ಅದರೊಳಗಿನ ಜಾಲರಿಯ ತುಂಬಾ ಕೆಸರು.

ಹೊಳೆನರಸೀಪುರದಲ್ಲಿ ಪೈಪಿನ ಅಂಗಡಿ ಇಟ್ಟಿದ್ದ ಗಿರಿಧರ ಹೋದ ವರ್ಷ ಈ ಹಿತ್ತಲಿಗೂ ಹನಿಹನಿಯಾಗಿ ನೀರು ಬಿಡುವ ಡ್ರಿಪ್ ಹಾಕಿಕೊಟ್ಟಿದ್ದ. ಶ್ರೀಗೌರಿಯ ತಾಯಿ ಗೋದಮ್ಮನಿಗೆ ಮಂಡಿನೋವು. ಮಲ್ಲಿಗೆ ಬಳ್ಳಿಗಳಿಗೆ ಬಕೆಟ್ ಹೊರುವುದು ತಪ್ಪಲಿ ಎಂದೇ ಶ್ರೀಗೌರಿ ಹಾಕಿಸಿದ್ದಳು.

ಹದಿನೈದು ದಿನಕ್ಕೊಮ್ಮೆ ಅವನೇ ಬಂದು ಫಿಲ್ಟರ್ ತೊಳೆದು, ಪೈಪಿನ ತುದಿ ಬಿಚ್ಚಿ ಕೆಸರು ನೀರು ಹೊರಗೆ ಬಿಡುತ್ತಿದ್ದ. ಕರೆಯದಿದ್ದರೂ ಬರುತ್ತಿದ್ದ. ಅವನು ಬರುವ ದಿನ ಹೈಸ್ಕೂಲ್ ಮೇಡಂ ಆಗಿದ್ದ ಶ್ರೀಗೌರಿ ಸ್ವಲ್ಪ ಬೇಗ ಮನೆ ಸೇರುತ್ತಿದ್ದಳು. ಅವಳು ಇದನ್ನು ಒಪ್ಪುವುದಿಲ್ಲ, ನಾವು ಒಪ್ಪೋಣ.

ಈ ಸಲ ಅರಕಲಗೂಡಿನ ಕಡೆ ತೋಟವೊಂದರ ಕೆಲಸಕ್ಕೆ ಹೋದವನು ಬಹಳ ದಿನ ಬರಲೇ ಇಲ್ಲ. ಅಂಗಡಿಯಲ್ಲಿ ಫೋನ್ ಎತ್ತುವವರಿರಲಿಲ್ಲ. ಫಿಲ್ಟರ್ ಕಟ್ಟಿಕೊಂಡು ನೀರು ನಿಂತಿತು. ಗೋದಮ್ಮ ಮಗಳಿಗೆ ಹೇಳದೆ ಬಕೆಟ್ ಹೊತ್ತು ಜಾರಿಬಿದ್ದರು. ಈಗ ಎಡಗೈಗೆ ಪಟ್ಟಿ.

ನೋಡಲು ಬಂದ ಪಕ್ಕದ ಮನೆ ನಂಜಮ್ಮ ಅಂದಿದ್ದರು, "ನಮ್ದು ನಾವೇ ತೊಳ್ಕತೀವಿ ಕಣವ್ವ. ಪೈಪ್ ಹಾಕಿದ್ ದಿನ್ವೇ ಕಲ್ಸಿಕೊಟ್ಟವ್ನೆ. ನಿಮ್ಗೇಳ್ಕೊಡ್ಲಿಲ್ವಾ?"

ಆ ಮಾತು ಅಂದಿನಿಂದ ಶ್ರೀಗೌರಿಯನ್ನು ಚುಚ್ಚುತ್ತಿತ್ತು. 'ನನ್ನನ್ನ ಅಷ್ಟು ದಡ್ಡಿ ಅಂದ್ಕೊಂಡನಾ... ನಂಬಿಸಿ ಮೋಸ ಮಾಡಿದನಾ...'

"ಹೇಳಿ. ಅಮ್ಮನಿಗೆ ಇನ್ನೂ ಜೋರಾಗಿ ಏಟಾಗಿದ್ದಿದ್ರೆ?"

ಗಿರಿಧರ ಹಿತ್ತಲ ಜಗಲಿಯಲ್ಲಿ ಕೂತ ಗೋದಮ್ಮನ ಕೈ ನೋಡಿದ. ಅವನ ಮುಖ ಬಾಡಿತು.

"ತಪ್ಪು ನಂದೇ. ಕಲಿಸಿಬಿಟ್ರೆ... ಆಮೇಲೆ ನಾನು ಇಲ್ಲಿಗೆ ಬರೋಕೆ ಏನಿರುತ್ತೆ ಅಂತ ಸುಮ್ಮನಾದೆ. ನಿಮ್ಮನ್ನ ನೋಡದೆ ಇರೋಕೆ ಆಗ್ತಿರಲಿಲ್ಲ. ಅಮ್ಮನಿಗೆ ಹೀಗಾಗುತ್ತೆ ಅಂತ ಯೋಚನೆ ಮಾಡ್ಲಿಲ್ಲ. ಅದಕ್ಕೆ ಕ್ಷಮೆ ಇಲ್ಲ ಅಂದ್ರೂ ಸರಿಯೇ."

ಶ್ರೀಗೌರಿಯ ಕೋಪ ಹೋಗಲಿಲ್ಲ. ಆದರೂ ಎದೆ ಹಗುರಾಯಿತು. 'ಕಾಯ್ತಿದ್ದೋಳು ನಾನೊಬ್ಬಳೇ ಅಂದ್ಕೊಂಡಿದ್ದೆನಲ್ಲ...'

"ಈಗ ಕಲಿಸಿ," ಅಂದಳು. "ನನಗಲ್ಲ, ಅಮ್ಮನಿಗೆ."

ಅವನು ನಲ್ಲಿಯ ಹತ್ತಿರ ಕುರ್ಚಿ ಹಾಕಿ ಗೋದಮ್ಮನನ್ನು ಕೂರಿಸಿದ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಜಾಲರಿ ಉಜ್ಜುವುದನ್ನು ತೋರಿಸಿದ. ಗೋದಮ್ಮ ಒಂದೇ ಕೈಯಲ್ಲಿ ಉಜ್ಜಿದರು. ಫಿಲ್ಟರ್ ಜೋಡಿಸಿ ಪೈಪಿನ ತುದಿ ಬಿಚ್ಚಿದಾಗ ಮೊದಲು ಕೆಂಪು ನೀರು ಬಂತು, ಆಮೇಲೆ ತಿಳಿನೀರು. ತುದಿ ಮುಚ್ಚಿದ ಮೇಲೆ ಮಲ್ಲಿಗೆ ಬುಡದಲ್ಲಿ ಹನಿ ಬೀಳತೊಡಗಿತು.

"ಇಷ್ಟೇನಾ? ಇಷ್ಟಕ್ಕೆ ವರ್ಷವೆಲ್ಲ ಓಡಾಡಿದೆಯೇನಪ್ಪ?" ಅಂದು, ಉತ್ತರಕ್ಕೂ ಕಾಯದೆ ಗೋದಮ್ಮ ಒಳಗೆ ಹೋದರು.

ಗಿರಿಧರ ಬ್ಯಾಗ್ ಎತ್ತಿಕೊಂಡ. "ಇನ್ನು ಇಲ್ಲಿ ನನ್ನ ಕೆಲಸ ಇಲ್ಲ. ಬರ್ತೀನಿ."

"ಭಾನುವಾರ ನಿಮ್ಮ ತಾಯೀನ ಕರ್ಕೊಂಡು ಬನ್ನಿ."

ಅವನು ತಿರುಗಿ ನಿಂತ. "ಅಮ್ಮನ್ನಾ? ಏನಂತ ಹೇಳಿ ಕರ್ಕೊಂಡು ಬರ್ಲಿ?"

"ಪೈಪ್ ನೋಡೋಕೆ ಅಂತ ಮಾತ್ರ ಹೇಳ್ಬೇಡಿ."

"ಮತ್ತೆ... ನಿಜ ಹೇಳ್ಲಾ?"

ಶ್ರೀಗೌರಿಗೆ ನಗು ತಡೆಯಲಾಗಲಿಲ್ಲ. ಕಣ್ಣೂ ತುಂಬಿತ್ತು.

"ಈ ಸಲವಾದ್ರೂ ಹೇಳಿ."