ಹರಕೆಗೆ ಕಟ್ಟಿದ ಪ್ಯಾಕೆಟ್ ವಿಮಾನ

೧೯೬೩ನೇ ಇಸವಿ ಜನವರಿ ೧೪, ಸೋಮವಾರ. ಸಂಕ್ರಾಂತಿಯಾದ್ದರಿಂದ ಶಿಗ್ಗಾಂವಿ ಪೊಲೀಸ್ ಠಾಣೆಯಲ್ಲಿ ಗದ್ದಲವಿರಲಿಲ್ಲ. ಸಬ್ ಇನ್ಸ್‌ಪೆಕ್ಟರ್ ಮೈಲಾರಲಿಂಗಪ್ಪನವರು ಮನೆಯಿಂದ ಬಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಗಂಟು ಬಿಚ್ಚುತ್ತಿದ್ದರು. ಹನ್ನೊಂದು ಗಂಟೆಗೆ ಇಬ್ಬರು ಬಾಗಿಲಲ್ಲಿ ಬಂದು ನಿಂತರು. ಒಬ್ಬ, ಹಿರೇಬೆಂಡಿಗೇರಿಯ ಆಚೆ ಹೊಲಗಳ ನಡುವೆ ಇರುವ ಸಣ್ಣ ದರ್ಗಾದ ಮುಜಾವರ ಶಹಾಬುದ್ದೀನ. ಇನ್ನೊಬ್ಬಳು ಅದೇ ಊರಿನ ಒಕ್ಕಲುಗಿತ್ತಿ ಯಂಕವ್ವ.

"ವಿಮಾನ ಕಳುವಾಗೈತ್ರಿ," ಎಂದ ಶಹಾಬುದ್ದೀನ.

ಪೇದೆ ಫಕ್ಕೀರಪ್ಪ ಕಾಗದದಿಂದ ತಲೆ ಎತ್ತಿದ. "ಏನ್ ಕಳುವಾಗೈತಿ?"

"ವಿಮಾನ್ರಿ. ಕಟಿಗೀದು. ದರ್ಗಾದ ತೊಲಿಗೆ ಕಟ್ಟಿತ್ತು."

"ಚೀನಾದವ್ರು ಹಾರಿಸ್ಕೊಂಡು ಹೋದ್ರೇನು ಮತ್ತ?"

ಮೈಲಾರಲಿಂಗಪ್ಪನವರು ಅವನ ಕಡೆ ಒಮ್ಮೆ ನೋಡಿದರು. ಫಕ್ಕೀರಪ್ಪ ಮತ್ತೆ ಕಾಗದಕ್ಕೆ ತಲೆ ಬಗ್ಗಿಸಿದ. ಯಂಕವ್ವ ಗೋಡೆ ಹಿಡಿದು ಕುಸಿದು ಕುಳಿತಿದ್ದಳು.

ಅವಳ ಒಬ್ಬನೇ ಮಗ ಬೀರಪ್ಪ ವಾಯುಪಡೆಯಲ್ಲಿದ್ದ. ಪ್ಯಾಕೆಟ್ ಎಂಬ ಸಾಮಾನು ಸಾಗಿಸುವ ವಿಮಾನದಲ್ಲಿ ರಿಪೇರಿಯವನಾಗಿ ತಾನೂ ಹಾರುತ್ತಿದ್ದ. ಯುದ್ಧ ನಿಂತಿದ್ದರೂ ಲಡಾಖದ ಗುಡ್ಡಗಳಲ್ಲಿ ಕುಳಿತ ಸೈನ್ಯಕ್ಕೆ ಅಕ್ಕಿ, ಸೀಮೆಎಣ್ಣೆ, ಗುಂಡು ಮುಟ್ಟಿಸುವುದು ನಿಂತಿರಲಿಲ್ಲ. ಆ ದರ್ಗಾಕ್ಕೆ ಮಕ್ಕಳಾಗದವರು ತೊಟ್ಟಿಲು ಕಟ್ಟುತ್ತಾರೆ, ಎತ್ತಿಗೆ ರೋಗ ಬಂದವರು ಕಟ್ಟಿಗೆಯ ಎತ್ತು ಕಟ್ಟುತ್ತಾರೆ. ಮಗ ವಿಮಾನದಲ್ಲಿದ್ದಾನೆ, ಆದ್ದರಿಂದ ಯಂಕವ್ವ ವಿಮಾನ ಕಟ್ಟಿದ್ದಳು. ಕಟ್ಟಿದ್ದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಗುರುವಾರಕ್ಕೊಮ್ಮೆ ಬಂದು ಸೆರಗಿನಿಂದ ಧೂಳು ಒರೆಸಿ ಹೋಗುತ್ತಿದ್ದವಳು ಈ ಸಲ ಹಬ್ಬವೆಂದು ಸೋಮವಾರವೇ ಸಕ್ಕರೆ ಹಿಡಿದು ಹೋಗಿದ್ದಳು. ತೊಲೆ ಬರಿದಾಗಿತ್ತು.

"ನನ್ನ ಮಗಗ ಏನೋ ಆಗೈತಿ, ಸಾಹೇಬ. ಅದಕ್ಕ ಅದು ಹೋಗೈತಿ."

"ಕಟಿಗಿ ತಾನಾಗಿ ಹೋಗೂದಿಲ್ಲವ್ವ. ಯಾರೋ ಒಯ್ದಾರ. ಒಯ್ದವ್ರನ್ನ ಹುಡುಕೂದು ನಮ್ಮ ಕೆಲಸ. ನೀ ಮನಿಗೆ ಹೋಗಿ ಉಣ್ಣು."

"ಅದು ಸಿಗೂತನಾ ಅನ್ನ ಮುಟ್ಟೂದಿಲ್ರಿ," ಎಂದಳು. ದನಿ ಎತ್ತರಿಸಿ ಹೇಳಲಿಲ್ಲ, ಆದ್ದರಿಂದಲೇ ಮೈಲಾರಲಿಂಗಪ್ಪನವರಿಗೆ ಅದು ಖಾತ್ರಿಯೆನಿಸಿತು. ರೊಟ್ಟಿಯ ಗಂಟನ್ನು ಮತ್ತೆ ಕಟ್ಟಿಟ್ಟರು.

ದಂಡ ಸಂಹಿತೆಯ ೩೮೦ನೇ ಕಲಮಿನ ಕೆಳಗೆ ಎಫ್.ಐ.ಆರ್. ದಾಖಲಾಯಿತು. ಮಧ್ಯಾಹ್ನ ಎರಡು ಗಂಟೆಗೆ ಇಬ್ಬರು ಪಂಚರ ಎದುರು ದರ್ಗಾದಲ್ಲಿ ಪಂಚನಾಮೆ ನಡೆಯಿತು. ತೊಲೆಯ ಮೇಲೆ ಬೆಳ್ಳಿಯ ಸಣ್ಣ ತೊಟ್ಟಿಲೊಂದು ಹಾಗೇ ತೂಗುತ್ತಿತ್ತು. ಹಿತ್ತಾಳೆಯ ದೀಪಗಳು ಇದ್ದಲ್ಲೇ ಇದ್ದವು. ವಿಮಾನ ಕಟ್ಟಿದ್ದ ದಾರವನ್ನು ಯಾರೋ ಸುರುಳಿ ಸುತ್ತಿ ಪಕ್ಕದ ಮೊಳೆಗೆ ಸಿಕ್ಕಿಸಿದ್ದರು. ಮೈಲಾರಲಿಂಗಪ್ಪನವರು ಅದನ್ನು ಬೆಳಕಿಗೆ ಹಿಡಿದು ಎರಡೂ ತುದಿ ನೋಡಿದರು.

"ಫಕ್ಕೀರಪ್ಪಾ, ನೀ ಕಳ್ಳ ಆಗಿದ್ರ ಏನ್ ಮಾಡ್ತಿದ್ದಿ?"

"ಮೊದಲ ಬೆಳ್ಳಿ ತೊಟ್ಟಿಲ ಇಳಿಸ್ತಿದ್ನಿರಿ."

"ದಾರ?"

"ಕೊಯ್ತಿದ್ನಿ. ಗಂಟು ಬಿಚ್ಚೂತನಾ ಯಾರ್ ನಿಂದರ್ತಾರ್ರಿ?"

"ಇಂವ ನಿಂತಾನ. ಬಿಚ್ಚ್ಯಾನ, ಸುತ್ತಿ ಇಟ್ಟಾನ. ಮತ್ತ ಕಟ್ಟೋ ಮನಸ್ಸಿದ್ದಾಂವ ಹಿಂಗ ಮಾಡ್ತಾನ."

ಶಹಾಬುದ್ದೀನ ವಿಮಾನವನ್ನು ಕೊನೆಯ ಸಲ ಕಂಡದ್ದು ಶನಿವಾರ ಬೆಳಿಗ್ಗೆ. ಆ ದಿನ ಮಧ್ಯಾಹ್ನ ಅವನೂ ಹೆಂಡತಿ ರಹಿಮಾಬಿಯೂ ಹುಲಗೂರಿನ ಸಂಬಂಧಿಕರಲ್ಲಿಗೆ ಹೋಗಿ ಭಾನುವಾರ ಕತ್ತಲಾದ ಮೇಲೆ ಬಂದಿದ್ದರು. ಪಂಚನಾಮೆ ಮುಗಿಯುವಷ್ಟರಲ್ಲಿ ಊರಲ್ಲಿ ಮಾತು ಹಬ್ಬಿತ್ತು: ದರ್ಗಾದ ವಸ್ತು ಬೇಕೆಂದೇ ಕದ್ದದ್ದು, ಜಗಳ ಹಚ್ಚಲು. ಜಗಳಕ್ಕಿಂತ ಜಗಳದ ಸುದ್ದಿ ಕೆಟ್ಟದ್ದೆಂದು ಮೈಲಾರಲಿಂಗಪ್ಪನವರಿಗೆ ಗೊತ್ತಿತ್ತು. ಫಕ್ಕೀರಪ್ಪನನ್ನು ಲಾಠಿ ಕೊಟ್ಟು ಅಲ್ಲೇ ಕಾವಲಿಗೆ ನಿಲ್ಲಿಸಿದರು.

ವಿಮಾನ ಮಾಡಿಕೊಟ್ಟವರು ಸವಣೂರಿನ ವೀಳ್ಯದೆಲೆ ವ್ಯಾಪಾರಿ ಪರಮೇಶ್ವರಪ್ಪ ಸಾವ್ಕಾರರೆಂದು ಯಂಕವ್ವ ಹೇಳಿದ್ದಳು. ಕಳುವಾದ ವಸ್ತುವಿನ ವಿವರ ಬರೆದುಕೊಳ್ಳಲು ಮಂಗಳವಾರ ಬೆಳಿಗ್ಗೆ ಮೈಲಾರಲಿಂಗಪ್ಪನವರು ಬಸ್ಸು ಹತ್ತಿ ಸವಣೂರಿಗೆ ಹೋದರು.

ಬಾಗಿಲು ತೆರೆದವಳು ಸಾವ್ಕಾರರ ಹೆಂಡತಿ ಶಿವಬಸವ್ವ. "ವಿಮಾನದ ವಿಷಯಾನ್ರಿ? ಅಟ್ಟದ ಮ್ಯಾಲ ಹೋಗ್ರಿ. ಮನಿ ಸೂರು ಸೋರಿದ್ರ ಅವ್ರಿಗೆ ಕಾಣೂದಿಲ್ಲ, ವಿಮಾನದ ಮೊಳಿ ಒಂದು ಕಡಿಮಿ ಇದ್ರ ಊಟ ಸೇರೂದಿಲ್ಲ. ಟಾಕೀಸಿಗೆ ಹೋಗ್ತಾರ, ಟಿಕೀಟ್ ತಗಸ್ತಾರ, ಮೊದಲ ತೋರಿಸ್ತಾರಲ್ರಿ ಸರಕಾರದ ಸುದ್ದಿ, ಅಷ್ಟ ನೋಡಿ, ಪಿಕ್ಚರ್ ಸುರು ಆದ ಕೂಡಲೆ ಎದ್ದು ಬರ್ತಾರ. ಪಿಕ್ಚರಿನಾಗ ವಿಮಾನ ಇಲ್ಲಂತ."

ಅಟ್ಟದಲ್ಲಿ ಹದಿನೈದು ಇಪ್ಪತ್ತು ವಿಮಾನಗಳು ದಾರದಲ್ಲಿ ತೂಗುತ್ತಿದ್ದವು. ಎಲ್ಲ ಹಾಲವಾಣದ ಕಟ್ಟಿಗೆಯವು, ಎಲ್ಲ ಒಂದೇ ಅಳತೆಯವು: ನಿಜವಾದ ವಿಮಾನದ ಆರು ಅಡಿಗೆ ಇಲ್ಲಿ ಒಂದು ಇಂಚು. ಗೋಡೆಯ ತುಂಬ ವೃತ್ತಪತ್ರಿಕೆಯ ಚಿತ್ರಗಳು, ಮುಂಬಯಿಯಿಂದ ತರಿಸಿದ ಮಾಸಿಕದ ಹಾಳೆಗಳು. ಪರಮೇಶ್ವರಪ್ಪ ಐವತ್ತರ ಹತ್ತಿರದ ಮನುಷ್ಯ. ಬೆರಳುಗಳಿಗೆ ಬಣ್ಣ ಅಂಟಿತ್ತು. ಸಬ್ ಇನ್ಸ್‌ಪೆಕ್ಟರರನ್ನು ನೋಡಿ ಎದ್ದವರು ಕೂರುವುದನ್ನೇ ಮರೆತರು.

"ಕುಂಡ್ರಿ ಸಾವ್ಕಾರ್ರ. ವಿಮಾನ ಹೆಂಗಿತ್ತು ಅನ್ನೂದು ಬೇಕು. ಬ್ಯಾರೆ ಠಾಣೆಗೂ ಕಳಸ್ಬೇಕು."

ಅಳತೆಯ ಮಾತು ಬಂದದ್ದೇ ಸಾವ್ಕಾರರ ಅಂಜಿಕೆ ಇಳಿಯಿತು. "ರೆಕ್ಕಿ ಈ ತುದಿಯಿಂದ ಆ ತುದಿಗೆ ಹದಿನೆಂಟು ಇಂಚಿನ ಮ್ಯಾಲ ಸ್ವಲ್ಪ. ಬಾಲ ಎರಡು. ಪಂಖಾ ಎರಡು, ಒಂದೊಂದಕ್ಕ ನಾಕು ಎಲಿ. ಬೆನ್ನಿನ ಮ್ಯಾಲ, ನಟ್ಟನಡುವ, ಕೊಳವಿ ಹಂಗ ಒಂದು ಜೆಟ್ ಎಂಜಿನ್."

"ಬೆನ್ನ ಮ್ಯಾಲ ಯಾಕ?"

"ಲಡಾಖದಾಗ ಗಾಳಿ ತೆಳ್ಳಗ ಇರ್ತೈತ್ರಿ. ಭಾರ ಹೊತ್ತು ಏಳಾಕ ಎರಡು ಎಂಜಿನ್ ಸಾಲೂದಿಲ್ಲ."

"ಒಂದು ಚಿತ್ರಾ ತಗದು ಕೊಡ್ರಿ."

ಪರಮೇಶ್ವರಪ್ಪ ತೆಗೆದುಕೊಟ್ಟರು. ಬೆನ್ನಿನ ಮೇಲಿನ ಎಂಜಿನ್ನನ್ನು ಒಮ್ಮೆ ಅಳಿಸಿ ಕೂದಲೆಳೆಯಷ್ಟು ಹಿಂದಕ್ಕೆ ಹಾಕಿದರು.

"ಲಗೂ ಸಿಕ್ಕರ ಚಲೋ," ಎಂದು ಮೈಲಾರಲಿಂಗಪ್ಪನವರು ಎದ್ದರು. "ಆ ಹೆಣ್ಮಗಳು ನಿನ್ನೆಯಿಂದ ಅನ್ನ ಬಿಟ್ಟಾಳ."

ಪರಮೇಶ್ವರಪ್ಪ ಬೆರಳಿನ ಬಣ್ಣವನ್ನು ಧೋತರಕ್ಕೆ ಒರೆಸಿಕೊಳ್ಳತೊಡಗಿದರು.

ಬುಧವಾರ ಬೆಳಿಗ್ಗೆ ಮೈಲಾರಲಿಂಗಪ್ಪನವರು ದರ್ಗಾದಲ್ಲಿ ಆ ಚಿತ್ರ ತೋರಿಸಿದರು. ಶಹಾಬುದ್ದೀನ ಕಾಗದವನ್ನು ಓರೆ ಮಾಡಿ ನೋಡಿದ. "ಇದು ನಮ್ಮದಲ್ರಿ. ಬೆನ್ನ ಮ್ಯಾಲ ಕೊಳವಿ ಇರಲಿಲ್ಲ."

"ಮರತಿರಬೇಕು ನೀ."

"ಎರಡು ತಿಂಗಳು ಅದರ ಕೆಳಗ ನಮಾಜು ಮಾಡೇನ್ರಿ."

ಯಂಕವ್ವನ ಮನೆಗೂ ಹೋದರು. ಅವಳು ಚಾಪೆಯ ಮೇಲೆ ಮಲಗಿದ್ದಳು. ನೆರೆಯವರು ತಂದಿಟ್ಟ ಗಂಜಿ ಕೆನೆಗಟ್ಟಿತ್ತು. ಚಿತ್ರ ನೋಡಿ ತಲೆ ಅಲ್ಲಾಡಿಸಿದಳು. "ಬೆನ್ನು ನುಣ್ಣಗಿತ್ರಿ. ನನ್ನ ಕೈಯಾರ ಒರಸ್ತಿದ್ನೆಲ್ಲ."

ಕಾಲಿಂಚು ಹೆಚ್ಚುಕಡಿಮೆಯಾದರೆ ಉಣ್ಣದ ಮನುಷ್ಯ ತಾನೇ ಮಾಡಿದ ವಿಮಾನಕ್ಕೆ ಇಲ್ಲದ ಎಂಜಿನ್ ಇದೆ ಎನ್ನುವುದು ಹೇಗೆ? ಮೈಲಾರಲಿಂಗಪ್ಪನವರು ದರ್ಗಾದ ಕಟ್ಟೆಯ ಮೇಲೆ ಬಂದು ಕುಳಿತರು. ಫಕ್ಕೀರಪ್ಪ ಎಲೆ ಮಡಿಚಿ ಬಾಯಿಗಿಡುತ್ತಿದ್ದ. ಎಳೆಯ, ಹೊಳೆಯುವ ಸವಣೂರಿನ ಎಲೆ.

"ಎಲಿ ಎಲ್ಲೀದು?"

"ನಿನ್ನೆ ಸಂಜಿಮುಂದ ಒಬ್ಬ ಹಿರಿಯಾರು ಕೊಟ್ರುರಿ. ಕೈಯಾಗ ಧೋತರದಾಗ ಸುತ್ತಿದ ಗಂಟಿತ್ತು. ರಾತ್ರಿ ಪೂರಾ ಇಲ್ಲೇ ಇರ್ತೀರೇನ್ರಿ, ಮನಿಗೆ ಹೋಗೂದಿಲ್ಲೇನ್ರಿ ಅಂತ ಭಾಳ ಕಾಳಜಿ ಮಾಡಿದ್ರು. ಇರ್ತೇನಿ ಅಂದೆ. ಹೊಳ್ಳಿ ಹೋದ್ರು."

"ಗಂಟಿನಾಗ ಏನೈತಿ ಅಂತ ಕೇಳಿದ್ಯೇನು?"

"ಎಲಿ ಕೊಟ್ರಲ್ರಿ," ಎಂದ ಫಕ್ಕೀರಪ್ಪ. ಮುಂದಿನ ಮಾತು ಅವನಿಗೇ ಹೊಳೆದು ಅಗಿಯುವುದು ನಿಂತಿತು.

"ಹಂಗಂದ್ರ ಅಂವ ತಿರುಗಿ ಕಟ್ಟಾಕ ಬಂದಿದ್ದ, ಫಕ್ಕೀರಪ್ಪಾ. ನೀ ಅಡ್ಡ ನಿಂತಿದ್ದಿ. ನಿಲ್ಲಿಸಿದಾಂವ ನಾನ," ಎಂದು ಮೈಲಾರಲಿಂಗಪ್ಪನವರು ಟೋಪಿ ಎತ್ತಿಕೊಂಡರು.

ಸವಣೂರಿನಲ್ಲಿ ಅವರು ಮೊದಲು ಹೋದದ್ದು ಟೂರಿಂಗ್ ಟಾಕೀಸಿಗೆ. ಪ್ರೊಜೆಕ್ಟರ್ ನಡೆಸುವ ನಿಯಾಜ ಡೇರೆಯ ಹಿಂದೆ ಅಂಗಿ ಒಗೆಯುತ್ತಿದ್ದ.

"ಪರಮೇಶ್ವರಪ್ಪ ಸಾವ್ಕಾರ್ರು ಯಾವಾಗ ಬಂದಿದ್ರು?"

"ಶುಕ್ರವಾರ್ರಿ. ಹೊಸಾ ನ್ಯೂಸ್ ರೀಲ್ ಬಂದಿತ್ತು, ಲಡಾಖದ್ದು. ಮುಗದ ಮ್ಯಾಲ ನನ್ನ ಹಂತ್ಯಾಕ ಬಂದು, ಆ ವಿಮಾನ ಏಳೂದು ಇನ್ನೊಮ್ಮೆ ಹಾಕು ಅಂದ್ರು. ಪಿಕ್ಚರ್ ಬಿಟ್ಟ ಮ್ಯಾಲ ಹಾಕಿದೆ. ಮೂರು ಸಲ ನೋಡಿದ್ರು."

"ಏನರ ಅಂದ್ರೇನು?"

"ಏನೂ ಅನ್ನಲಿಲ್ರಿ. ಕುರ್ಚಿ ಮ್ಯಾಲ ಕುಂತು ಬಿಟ್ರು. ಮನ್ಯಾಗ ಯಾರರ ತೀರಿಕೊಂಡ್ರೇನ್ರಿ ಅಂತ ಕೇಳಿದೆ ನಾ."

ಶುಕ್ರವಾರ ಕಂಡದ್ದು, ಶನಿವಾರ ಬಿಚ್ಚಿದ್ದು. ಹನ್ನೆರಡೂವರೆಗೆ ಮೈಲಾರಲಿಂಗಪ್ಪನವರು ಇಬ್ಬರು ಪಂಚರನ್ನು ಕರೆದುಕೊಂಡು ಸಾವ್ಕಾರರು ಎಲೆ ದಾಸ್ತಾನು ಇಡುವ ವಖಾರಿಯ ಬಾಗಿಲಿಗೆ ಬಂದರು. ಪರಮೇಶ್ವರಪ್ಪ ಎಲೆಯ ಪಿಂಡಿಗಳಿಗೆ ನೀರು ಚಿಮುಕಿಸುತ್ತಿದ್ದರು.

"ಸಾವ್ಕಾರ್ರ, ಬಣ್ಣ ಒಣಗ್ತೇನು?"

ತಂಬಿಗೆ ಕೈಯಲ್ಲೇ ಉಳಿಯಿತು. ಅದನ್ನು ಕೆಳಗಿಟ್ಟು ಪರಮೇಶ್ವರಪ್ಪ ಹೇಳಿದರು, "ಇಲ್ರಿ. ಇಲ್ಲಿ ಥಂಡಿ ಭಾಳ. ಅಟ್ಟದ ಮ್ಯಾಲ ಇಟ್ರ ನಮ್ಮ ಮನ್ಯಾಕಿ ನೋಡ್ತಾಳ ಅಂತ ಇಲ್ಲಿ ಇಟ್ಟೆ. ಭಾನುವಾರ ಕಟ್ಟಿ ಬರಾಂವ ಇದ್ದೆ. ಬಣ್ಣ ಒಣಗಲೇ ಇಲ್ಲ." ಹಸಿ ಗೋಣಿಚೀಲಗಳ ಹಿಂದಿನಿಂದ ವಿಮಾನವನ್ನು ತೆಗೆದುಕೊಟ್ಟರು. ಬೆನ್ನಿನ ಮೇಲೆ ಕಿರುಬೆರಳಿನಷ್ಟು ಕೊಳವೆ. ಬೂದು ಬಣ್ಣ ಇನ್ನೂ ಬೆರಳಿಗೆ ಅಂಟುತ್ತಿತ್ತು.

"ಮುಜಾವರನ್ನ ಕೇಳಿ ಇಳಿಸ್ಬೇಕಿತ್ತು."

"ಕೇಳಿದ್ರ ಯಂಕವ್ವಗ ಹೇಳ್ಬೇಕಾಗ್ತಿತ್ತು. ಏನಂತ ಹೇಳ್ಲಿ? ನೀ ಎರಡು ತಿಂಗಳು ಕೈ ಮುಗದದ್ದು ನಿನ್ನ ಮಗನ ವಿಮಾನ ಅಲ್ಲ ಅಂತ ಹೇಳ್ಲೇನ್ರಿ?"

"ನಿನ್ನೆ ನಾ ಬಂದಾಗರ ಹೇಳ್ಬೇಕಿತ್ತು."

"ಗುಪ್ಪಚಿಪ್ಪ ಕಟ್ಟಿ ಬಂದ್ರ ಮುಗೀತು ಅನ್ಕೊಂಡೆ. ಹೋದೆ. ಪೊಲೀಸ ನಿಂತಿದ್ದ."

ಜಪ್ತಿ ಪಂಚನಾಮೆ ಬರೆದದ್ದಾಯಿತು. ಕಾಯ್ದೆಯ ಪ್ರಕಾರ ವಿಮಾನ ಈಗ ಮುದ್ದೆಮಾಲು. ಖಟ್ಲೆ ಮುಗಿಯುವ ತನಕ ಠಾಣೆಯ ಕಪಾಟಿನಲ್ಲಿ ಬೀಗ ಹಾಕಿ ಇಡಬೇಕಾದ ವಸ್ತು. ಅಷ್ಟು ದಿನ ಯಂಕವ್ವ ಇರುತ್ತಾಳೆಯೇ? ಜಪ್ತಾದ ಎಮ್ಮೆಯನ್ನು ಠಾಣೆಯಲ್ಲಿ ಕಟ್ಟಿ ಮೇಯಿಸಲಾಗುವುದಿಲ್ಲವೆಂದು ಧಣಿಗೇ ಬರೆಸಿಕೊಂಡು ಒಪ್ಪಿಸುವ ಪದ್ಧತಿಯುಂಟು. ಮೈಲಾರಲಿಂಗಪ್ಪನವರು ಅದೇ ಪದ್ಧತಿಯಲ್ಲಿ ಒಂದು ಕಾಗದ ಬರೆದರು: ಸದರಿ ಮುದ್ದೆಮಾಲನ್ನು ಫಿರ್ಯಾದಿದಾರಳ ತಾಬೆಗೆ ಕೊಡಲಾಗಿದೆ, ದರ್ಗಾದ ತೊಲೆಯ ಮೇಲೆ ಇಟ್ಟುಕೊಳ್ಳತಕ್ಕದ್ದು, ಕೋರ್ಟು ಕೇಳಿದಾಗ ಹಾಜರು ಮಾಡತಕ್ಕದ್ದು.

ಸಂಜೆ ನಾಲ್ಕಕ್ಕೆ ರಹಿಮಾಬಿ ಮತ್ತು ನೆರೆಯ ಹೆಣ್ಣುಮಕ್ಕಳು ಯಂಕವ್ವನನ್ನು ರೆಟ್ಟೆ ಹಿಡಿದು ದರ್ಗಾಕ್ಕೆ ಕರೆತಂದರು. ಫಕ್ಕೀರಪ್ಪ ವಿಮಾನವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಅವಳು ಅದನ್ನು ತೆಗೆದುಕೊಂಡು ಮೊದಲು ಬೆನ್ನು ಸವರಿದಳು.

"ಇದೇನ್ ಇದು?"

ಮೈಲಾರಲಿಂಗಪ್ಪನವರು ತಮ್ಮೊಡನೆ ಕರೆತಂದಿದ್ದ ಸಾವ್ಕಾರರ ಕಡೆ ನೋಡಿದರು.

"ಯಂಕವ್ವಾ," ಎಂದರು ಪರಮೇಶ್ವರಪ್ಪ, "ನಾ ಮೊದಲ ಮಾಡಿದ್ದು ತಪ್ಪಿತ್ತು. ಪೇಪರಿನಾಗ ಬಂದದ್ದು ಬ್ಯಾರೆ ದೇಶದ ಪ್ಯಾಕೆಟ್ಟು. ಲಡಾಖಕ್ಕ ಹೋಗೂ ನಮ್ಮವಕ್ಕ ಬೆನ್ನ ಮ್ಯಾಲ ಇದು ಇರ್ತೈತಿ. ಮೊನ್ನೆ ಟಾಕೀಸಿನಾಗ ನೋಡಿ ತಿಳೀತು. ನಾನ ಒಯ್ದದ್ದು. ಸರಿ ಮಾಡಾಕ ಒಯ್ದೆ."

ಯಂಕವ್ವ ವಿಮಾನವನ್ನು ತಿರುಗಿಸಿ, ಹೊಟ್ಟೆಯ ಕಡೆ ನೋಡಿದಳು, ಬಾಲ ನೋಡಿದಳು.

"ಹಂಗಾದ್ರ ಇಷ್ಟು ದಿನ ನಾ ಬೇಡಿಕೊಂಡದ್ದು ಯಾರ ವಿಮಾನಕ್ಕ?"

"ಗೊತ್ತಿಲ್ಲವ್ವ. ಬೆನ್ನ ಮ್ಯಾಲ ಎಂಜಿನ್ ಇಲ್ಲದ್ದು ಯಾವುದೋ ಒಂದು."

"ಅದರಾಗೂ ಯಾರೋ ಒಬ್ಬಾಕಿ ಮಗನ ಇದ್ದಿರಬೇಕು," ಎಂದಳು ಯಂಕವ್ವ. "ಇರ್ಲಿ ಬಿಡ್ರಿ. ಆಕಿ ಬೇಡಿಕೊಂಡದ್ದು ನನ್ನ ಬೀರ್ಯಾಗ ಮುಟ್ಟಿರಬೇಕು." ಶಹಾಬುದ್ದೀನನ ಕಡೆ ತಿರುಗಿ ದಾರಕ್ಕೆ ಕೈ ಚಾಚಿದಳು. ಸಣ್ಣ ಏಣಿ ಹತ್ತಿ ತಾನೇ ಕಟ್ಟಿದಳು, ಗಂಟನ್ನು ಬೇರೆ ಯಾರಿಗೂ ಹಾಕಗೊಡಲಿಲ್ಲ. ಕಟ್ಟಿ ಇಳಿದವಳಿಗೆ ರಹಿಮಾಬಿ ಒಂದು ವಾಟಗದಲ್ಲಿ ಹಾಲು, ಅರ್ಧ ರೊಟ್ಟಿ ಕೊಟ್ಟಳು. ಯಂಕವ್ವ ಕಟ್ಟೆಯ ಮೇಲೆ ಕುಳಿತು ರೊಟ್ಟಿಯನ್ನು ಹಾಲಲ್ಲಿ ನೆನೆಸಿ ತಿಂದಳು. ಫಕ್ಕೀರಪ್ಪ ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು.

"ಸಾವ್ಕಾರ್ರಿಗೆ ಬೇಡಿ ಹಾಕ್ಬೇಕೇನ್ರಿ?" ಎಂದು ಅವನು ಸಣ್ಣ ದನಿಯಲ್ಲಿ ಕೇಳಿದ.

"ಎಲಿ ತಿಂದಾಂವ ನೀ. ನೀನ ಹೇಳು."

ಆದರೆ ಎಫ್.ಐ.ಆರ್. ಆಗಿತ್ತು, ವಸ್ತು ಸಿಕ್ಕಿತ್ತು, ಒಯ್ದವರು ಒಪ್ಪಿಕೊಂಡಿದ್ದರು. ಸಂಜೆ ಐದು ಗಂಟೆಗೆ ಪರಮೇಶ್ವರಪ್ಪನವರನ್ನು ದಸ್ತಗಿರಿ ಮಾಡಲಾಯಿತೆಂದು ಮೈಲಾರಲಿಂಗಪ್ಪನವರು ಬರೆದರು. ಅಪ್ರಾಮಾಣಿಕ ಉದ್ದೇಶವಿಲ್ಲದ್ದು ಕಳವಲ್ಲವೆಂದು ಮುಂದೆ ಮ್ಯಾಜಿಸ್ಟ್ರೇಟರು ಪ್ರಕರಣವನ್ನು ಮುಗಿಸಿದರು. ಬೀರಪ್ಪ ಆ ಯುಗಾದಿಗೆ ರಜೆಯ ಮೇಲೆ ಊರಿಗೆ ಬಂದ. ಆದರೆ ಅವೆಲ್ಲ ಆಮೇಲಿನ ಮಾತು. ಆ ಸಂಜೆ ಶಿಗ್ಗಾಂವಿಯ ಬಸ್ಸಿಗಾಗಿ ರಸ್ತೆಯ ಬದಿಯಲ್ಲಿ ಕಾಯುತ್ತ ಮೈಲಾರಲಿಂಗಪ್ಪನವರು ಕೇಳಿದರು:

"ಒಂದು ಮಾತು. ಕೊಳವಿ ಇರ್ಲಿ, ಬಿಡ್ಲಿ, ಯಾರಿಗೂ ತಿಳೀತಿರಲಿಲ್ಲ. ಸುಮ್ಮನ ಇರಬಹುದಿತ್ತಲ್ಲ?"

ಪರಮೇಶ್ವರಪ್ಪ ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದರು.

"ಇಪ್ಪತ್ತು ವರ್ಷ ವಿಮಾನ ಮಾಡೇನ್ರಿ. ಮಂದಿ ನಕ್ಕಾರ, ಚಂದ ಐತಿ ಅಂದಾರ, ಹುಡುಗರಿಗೆ ಆಡಾಕ ಕೊಡ್ರಿ ಅಂದಾರ. ಇದು ಖರೇ ವಿಮಾನದ ಹಂಗ ಐತೇನ್ರಿ ಅಂತ ಕೇಳಿದಾಕಿ ಯಂಕವ್ವ ಒಬ್ಬಾಕಿನ. ಹೌದವ್ವ ಅಂದಿದ್ದೆ."