ಮೋಡದ ಚಿತ್ರದಲ್ಲಿ ಎರಡು ಗೆರೆ

"ಅತ್ತೆ, ಬೇಗ ಮೇಲೆ ಬನ್ನಿ! ವೈರ್‌ಲೆಸ್ ಸೆಟ್ ಒಡೆದುಹೋಗಿದೆ. ರಿಪೇರಿ ಹುಡುಗ ತಂತಿಯನ್ನ ಬಲೆಕೋಣೆಗೆ ನೂಕಿ ಬೀಗ ಜಡಿದಿದ್ದಾರೆ!"

ಒಂದೇ ಉಸಿರಿಗೆ ಇಷ್ಟು ಹೇಳಿ ಗಿಳಿ ಬಾಗಿಲಿಗೆ ಒರಗಿದ. ಮೀನುಗಾರರ ಸಂಘದಲ್ಲಿ ನೋಟಿಸು ಬರೆಯುವ ಗುಮಾಸ್ತ ಅವನು. ಯಾರ ದನಿ ಕೇಳಿದರೂ ಹಾಗೇ ಎತ್ತಿ ಒಪ್ಪಿಸುವ ಚಟಕ್ಕೆ ಆ ಹೆಸರು ಬಂದಿತ್ತು. ಅವತ್ತು ಮಾತ್ರ ಬಾಯಲ್ಲಿ ಅವನದೇ ದನಿಯಿತ್ತು.

ಅತ್ತೆ ಭೂಗೋಳದ ಟೀಚರಾಗಿ ನಿವೃತ್ತರಾದವರು. ಸಂಘದ ಕಟ್ಟಡದ ಕೆಳಗಿನ ಎರಡು ಕೋಣೆಗಳಲ್ಲೇ ಅವರ ವಾಸ. ಕಾಣೆಯಾದ ಎಂಜಿನ್ನಿನಿಂದ ಹಿಡಿದು ಅದಲುಬದಲಾದ ಚಪ್ಪಲಿಯವರೆಗೆ ಬಂದರಿನ ತಕರಾರುಗಳೆಲ್ಲ ಪೊಲೀಸ್ ಠಾಣೆಗಿಂತ ಮೊದಲು ಅವರ ಬಾಗಿಲು ತಟ್ಟುತ್ತಿದ್ದವು.

"ದೋಣಿಗಳು ಎಲ್ಲಿವೆ?" ಅತ್ತೆ ಕನ್ನಡಕ ಹುಡುಕುತ್ತಾ ಕೇಳಿದರು.

"ಹನ್ನೊಂದೂ ಸಮುದ್ರದಲ್ಲಿ. ಒಂದರಲ್ಲಿ ತಂತಿಯ ಅಣ್ಣನೇ ಇದ್ದಾನೆ. ಈಗ ಉಪಗ್ರಹದಿಂದ ಬಂದ ಮೋಡದ ಚಿತ್ರದಲ್ಲಿ ಇಷ್ಟು ದೊಡ್ಡ ಚಂಡಮಾರುತದ ಸುಳಿ! ಐದರೊಳಗೆ ಕರೆದರೆ ಕತ್ತಲಾಗೋ ಮುಂಚೆ ದಡ ಸೇರ್ತಾರೆ. ಅಷ್ಟು ದೂರಕ್ಕೆ ಮೊಬೈಲ್ ಸಿಗಲ್ಲ. ಸೆಟ್ಟು ರಿಪೇರಿ ಬರೋದು ತಂತಿ ಒಬ್ಬನಿಗೇ. ಅವನೇ ಒಡೆದ ಅಂತ ಅವನನ್ನೇ ಕೂಡಿಹಾಕಿದ್ದಾರೆ."

ಗಡಿಯಾರದಲ್ಲಿ ಮೂರೂ ಮುಕ್ಕಾಲು.

ತಾರಸಿಯ ಮೇಲೆ ವೈರ್‌ಲೆಸ್ ಕೋಣೆ. ಅದರ ಇಕ್ಕಟ್ಟಾದ ಬಾಗಿಲಿಗೆ ಅಡ್ಡವಾಗಿಯೇ ಉಪಗ್ರಹದ ಸಂಕೇತ ಹಿಡಿಯುವ ಆಂಟೆನಾ, ಕೈಚಾಚಿದ ಬೆದರುಬೊಂಬೆಯ ಹಾಗೆ ನಿಂತಿತ್ತು. ಒಳಗೆ ಸೆಟ್ಟು ನೆಲಕ್ಕೆ ಬಿದ್ದು ಹೊಟ್ಟೆ ಬಿರಿದುಕೊಂಡಿತ್ತು. ಮೇಜಿನ ಮೇಲಿನ ಗೋಡೆಯಲ್ಲಿ ನಾಲ್ಕು ತುಂಡು ಅಂಟುಪಟ್ಟಿ; ಒಂದರಡಿಯಲ್ಲಿ ಹರಿದ ಕಾಗದದ ಮೂಲೆ. ಅತ್ತೆ ಅದನ್ನು ಉಗುರಿನಿಂದ ಎಬ್ಬಿಸಿ ಸೆರಗಿಗೆ ಗಂಟು ಹಾಕಿಕೊಂಡರು.

"ಪೊಲೀಸರು ಬರುವವರೆಗೆ, ಈ ಸೆಟ್ಟನ್ನು, ಯಾರೂ, ಮುಟ್ಟತಕ್ಕದ್ದಲ್ಲ!" ಎಂದರು ಕಾರ್ಯದರ್ಶಿ. ಅವರು ಉಪ್ಪು ಕೇಳಿದರೂ ಅದು ಭಾಷಣವಾಗುತ್ತಿತ್ತು. "ಬೆಳಿಗ್ಗೆ ಆ ತಂತಿ ಎಲ್ಲರೆದುರು ಹೇಳಿದ್ದಾನೆ, ಈ ಹಳೇ ಡಬ್ಬಾನ ಒಂದಿನ ಎತ್ತಿ ಕುಕ್ಕಿಬಿಡ್ತೀನಿ ಅಂತ. ಈಗ ಸಾಕ್ಷಿಯೂ ಇದೆ. ತೋರಿಸಪ್ಪಾ."

ಮೋಡದಣ್ಣ ಅಚ್ಚು ಹಾಕಿದ ಚಿತ್ರ ಹಿಡಿದು ಮುಂದೆ ಬಂದ. ಉಪಗ್ರಹ ತಲೆಯ ಮೇಲೆ ಹಾದುಹೋಗುವ ಹದಿನಾಲ್ಕು ನಿಮಿಷ ಅದು ಕಳಿಸುವ ಚಿತ್ರವನ್ನು ಗೆರೆಗೆರೆಯಾಗಿ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಅವನ ಕೆಲಸ. ಹನ್ನೆರಡು ವರ್ಷದಲ್ಲಿ ಒಂದು ಚಿತ್ರವೂ ತಪ್ಪಿಲ್ಲ ಎಂಬುದು ಅವನ ಹೆಮ್ಮೆ.

"ಆಂಟೆನಾನ ಬಗ್ಗಿಸದೆ ಈ ಕೋಣೆಯೊಳಕ್ಕೆ ಹೋಗೋಕಾಗಲ್ಲ ಟೀಚರಮ್ಮ. ಬಗ್ಗಿಸಿದ್ರೆ ಚಿತ್ರದಲ್ಲಿ ಬಿಳಿಗೆರೆ ಬೀಳುತ್ತೆ. ಇಲ್ಲಿ ನೋಡಿ, ಮೇಲಿಂದ ಎರಡನೇ ನಿಮಿಷಕ್ಕೊಂದು, ಮೂರನೇ ನಿಮಿಷಕ್ಕೊಂದು. ಒಳಗೆ ಹೋಗಿದ್ದು, ಹೊರಗೆ ಬಂದಿದ್ದು. ಚಿತ್ರ ಶುರುವಾಗಿದ್ದು ಮೂರು ಹತ್ತಕ್ಕೆ. ಮೂರು ಹನ್ನೆರಡು, ಮೂರು ಹದಿಮೂರರಲ್ಲಿ ತಾರಸಿ ಮೇಲಿದ್ದವನು ಅವನೊಬ್ಬನೇ."

ಗಿಳಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ತಂತಿ ತಾರಸಿಯಿಂದ ಇಳಿದು ತನ್ನೊಡನೆ ಚಹಾದಂಗಡಿಗೆ ಬಂದದ್ದು ಮೂರೂಕಾಲಿಗೆ. ಅಲ್ಲಿಂದಾಚೆಗೆ ತಾನೇ ಸಾಕ್ಷಿ. ಅದಕ್ಕೆ ಮೊದಲಿನ ಹತ್ತು ನಿಮಿಷಕ್ಕೆ ದೇವರೇ ಸಾಕ್ಷಿ.

ಅತ್ತೆ ಕೆಳಗಿಳಿದು ಬಂದಾಗ ಬಲೆಕೋಣೆಯ ಕಿಟಕಿಯ ಸರಳು ಹಿಡಿದು ತಂತಿ ನಿಂತಿದ್ದ. "ನಾನು ತಾರಸಿ ಅಂಚಿನ ಕಟಾಂಜನದ ದೀಪ ಸರಿಮಾಡ್ತಿದ್ದೆ, ಟೀಚರಮ್ಮ. ಕೋಣೆ ಕಡೆ ತಲೆ ಹಾಕಿಲ್ಲ. ನಂಬದಿದ್ರೆ ಬೇಡ, ನಾಳೆ ಜೈಲಿಗೆ ಹಾಕಿಸಿ. ಈಗ ಆ ಸೆಟ್ಟು ಕೊಡಿ. ನಮ್ಮಣ್ಣನಿಗೆ ಈಜು ಬರುತ್ತೆ ಅಂತ ನೀವೆಲ್ಲ ತಿಳ್ಕೊಂಡಿದ್ದೀರಿ. ಬರಲ್ಲ!"

ಅತ್ತೆ ಮೆಟ್ಟಿಲು ಹತ್ತಿದರು. ಅರ್ಧದಲ್ಲಿ ನಿಂತರು. "ಗಿಳೀ, ಚಹಾಕ್ಕೆ ಮುಂಚೆ ಎಲ್ಲಿ ಹಾರಾಡ್ತಿದ್ದೆ?"

"ಕೆಳಗೆ ಮೋಡದಣ್ಣನ ಕೋಣೆಯಲ್ಲಿ. ಮೊದಲ ಐದು ನಿಮಿಷ ಚಿತ್ರ ಇಳಿಯೋದು ನೋಡ್ತಿದ್ದೆ. ತೊಳೆದ ತಟ್ಟೆ ತರ ಸ್ವಚ್ಛವಾಗಿತ್ತು. ದಕ್ಷಿಣದ ದ್ವೀಪ ಬಾವಲಿ ಹಾಗೆ ತಲೆಕೆಳಗಾಗಿ ನೇತಾಡ್ತಿತ್ತು. 'ಅಣ್ಣಾ, ದ್ವೀಪಕ್ಕೆ ತಲೆ ತಿರುಗಿತಾ' ಅಂದೆ. ನಗಲೇ ಇಲ್ಲ ಪುಣ್ಯಾತ್ಮ."

ಅತ್ತೆ ಅವನ ಮುಖವನ್ನೇ ನೋಡಿದರು. "ನಾನು ಎಲ್ಲರನ್ನೂ ಮೇಲೆ ಸೇರಿಸ್ತೀನಿ. ನೀನು ಅವನ ಫೈಲು ತೆಗೆದು ನಿನ್ನೆ ಬೆಳಗಿನ ಚಿತ್ರ ಇದೆಯಾ ನೋಡಿ ಬಾ. ಓಡು."

ನಾಲ್ಕೂ ಹತ್ತಕ್ಕೆ ವೈರ್‌ಲೆಸ್ ಕೋಣೆಯಲ್ಲಿ ಎಲ್ಲರೂ ಸೇರಿದ್ದರು; ಕಾವಲುಗಾರ ತಂತಿಯ ರಟ್ಟೆ ಹಿಡಿದಿದ್ದ. ಹೊರಗೆ ಗಾಳಿ ಬಾವುಟದ ಹಗ್ಗವನ್ನು ಕಂಬಕ್ಕೆ ಬಡಿಯುತ್ತಿತ್ತು.

"ಗಿಳೀ, ಈ ಚಿತ್ರದಲ್ಲಿ ದ್ವೀಪ ತೋರಿಸು."

ಗಿಳಿ ಕೆಳತುದಿಯಲ್ಲಿ ಬೆರಳಿಟ್ಟ. ಇಟ್ಟವನೇ ಬೆಚ್ಚಿದ. "ಅತ್ತೆ! ನಾನು ನೋಡಿದಾಗ ಇದು ಎಲ್ಲಕ್ಕಿಂತ ಮೇಲಿತ್ತು!"

"ಹೌದು. ಭೂಪಟದಲ್ಲಿ ಉತ್ತರ ಮೇಲಿರಬೇಕು ಅನ್ನೋದು ನಮ್ಮ ಶಿಸ್ತು, ಉಪಗ್ರಹಕ್ಕೆ ಅದರ ಹಂಗಿಲ್ಲ. ಇದು ಬೆಳಿಗ್ಗೆ ಉತ್ತರದಿಂದ ಇಳಿದು ಬರುತ್ತೆ, ಮಧ್ಯಾಹ್ನ ದಕ್ಷಿಣದಿಂದ ಏರಿ ಬರುತ್ತೆ. ಮಧ್ಯಾಹ್ನದ ಚಿತ್ರದಲ್ಲಿ ದಕ್ಷಿಣವೇ ಮೊದಲು, ಅದೂ ತಲೆಕೆಳಗಾಗಿ. ಆಮೇಲೆ ತಿರುಗಿಸಿ ಅಚ್ಚು ಹಾಕ್ತಾರೆ. ಅಂದ್ರೆ ಈ ಕಾಗದದ ಮೇಲ್ತುದಿ ಕೊನೆಗೆ ಬಂದದ್ದು. ಚಿತ್ರ ಮುಗಿದಿದ್ದು ಮೂರು ಇಪ್ಪತ್ನಾಲ್ಕಕ್ಕೆ; ಗೆರೆಗಳನ್ನ ಕೊನೆಯಿಂದ ಹಿಂದಕ್ಕೆ ಎಣಿಸಿ. ಮೂರು ಇಪ್ಪತ್ತೊಂದು, ಮೂರು ಇಪ್ಪತ್ತೆರಡು."

"ಆಗ ತಂತಿ ನನ್ನೆದುರು ಚಹಾ ಊದಿ ಊದಿ ಕುಡೀತಿದ್ದ!" ಗಿಳಿ ಕೂಗಿದ.

"ಹಾಗಾದರೆ, ನಾನು, ಒಡೆದೆ, ಎಂದೋ?" ಎಂದರು ಕಾರ್ಯದರ್ಶಿ.

"ನೀವು ಆಫೀಸಿನಿಂದ ಫೋನಿನಲ್ಲಿ ಯಾರಿಗೋ ಶಿಸ್ತಿನ ಪಾಠ ಮಾಡ್ತಿದ್ರಿ. ಮೂರು ಹತ್ತರಿಂದ ಇಪ್ಪತ್ತೈದರವರೆಗೆ ಒಂದಕ್ಷರ ಬಿಡದೆ ನನ್ನ ಗೋಡೆ ದಾಟಿ ಬಂತು. ಉಳಿದವರು ಒಬ್ಬರೇ. ಚಿತ್ರ ಯಾವ ಕಡೆಯಿಂದ ಬರುತ್ತೆ ಅಂತ ಹನ್ನೆರಡು ವರ್ಷದಿಂದ ಗೊತ್ತಿದ್ದೂ ತಪ್ಪು ಎಣಿಸಿದವರು."

ಮೋಡದಣ್ಣ ನೆಲ ನೋಡುತ್ತಿದ್ದ. ಅತ್ತೆ ಸೆರಗಿನ ಗಂಟು ಬಿಚ್ಚಿ ಕಾಗದದ ಮೂಲೆಯನ್ನು ಮೇಜಿನ ಮೇಲಿಟ್ಟರು.

"ಸೆಟ್ಟು ಒಡೆಯೋಕೆ ಬಂದವನಿಗೆ ಗೋಡೆಯ ಕಾಗದ ಯಾಕೆ? ಇಲ್ಲಿ ಅಂಟಿಸಿದ್ದು ಇವತ್ತಿನ ಬೆಳಗಿನ ಚಿತ್ರ. ಅದನ್ನ ನೋಡಿಯೇ ದೋಣಿಗಳು ಹೊರಟವು. ಫೈಲಿನಲ್ಲಿ ಏನು ಸಿಕ್ತು ಗಿಳೀ?"

"ನಿನ್ನೆ ಬೆಳಗಿನದು ಇಲ್ಲ ಅತ್ತೆ. ಹಿಂದಿನ ದಿನಗಳದ್ದೆಲ್ಲ ಇದೆ."

"ನಿನ್ನೆಯದೇ ಇವತ್ತಿನ ತಾರೀಕು ಹಾಕಿಕೊಂಡು ಇಲ್ಲಿ ಗೋಡೆ ಏರಿತ್ತು. ಅಲ್ವೇನಪ್ಪಾ?"

ಮೋಡದಣ್ಣ ಅಂಗಿಯೊಳಗಿನಿಂದ ಮಡಿಸಿದ ಹಾಳೆ ತೆಗೆದ. ಅದಕ್ಕೆ ಒಂದು ಮೂಲೆಯಿರಲಿಲ್ಲ.

"ರಾತ್ರಿಯೆಲ್ಲ ಮಗಳಿಗೆ ಜ್ವರ. ಬೆಳಿಗ್ಗೆ ಕಣ್ಣು ಬಿಟ್ಟಾಗ ಉಪಗ್ರಹ ದಾಟಿಹೋಗಿತ್ತು. ನಿನ್ನೆ ಆಕಾಶ ಶುಭ್ರವಾಗಿತ್ತು, ಇವತ್ತೂ ಹಾಗೇ ಇರುತ್ತೆ ಅಂದ್ಕೊಂಡೆ. ಮಧ್ಯಾಹ್ನ ಸುಳಿ ಇಳೀತಾ ಬಂತು... ಅಷ್ಟು ದೊಡ್ಡದು ಬೆಳಿಗ್ಗೆ ಯಾಕೆ ಕಾಣಲಿಲ್ಲ ಅಂತ ಕೇಳೇ ಕೇಳ್ತಾರೆ. ಕಾಗದ ಕಿತ್ಕೊಂಡು, ತಕ್ಷಣ ದೋಣಿಗಳನ್ನ ಕರೆಸೋಣ ಅಂತಲೇ ಬಂದೆ. ಓಡೋವಾಗ ಸೆಟ್ಟಿನ ವೈರು ಕಾಲಿಗೆ ಸಿಕ್ತು." ಅವನು ತಂತಿಯ ಕಡೆ ತಿರುಗಿದ, ಆದರೆ ಮುಖ ನೋಡಲಾಗಲಿಲ್ಲ. "ತಪ್ಪಾಯ್ತು ಕಣೋ."

ತಂತಿ ಕೈ ಎತ್ತಿದ. ಗಿಳಿ ಹೊಡೆತವೇ ಬಿತ್ತೆಂದುಕೊಂಡ. ಆ ಕೈ ಕಾವಲುಗಾರನ ಹಿಡಿತ ಕೊಡವಿ ಸ್ಕ್ರೂಡ್ರೈವರಿನ ಕಡೆ ಹೋಯಿತು.

"ಬಯ್ಯೋದು ಆಮೇಲೆ. ಟಾರ್ಚ್ ಹಿಡಿ."

ಮೋಡದಣ್ಣ ಟಾರ್ಚ್ ಹಿಡಿದ. ನಾಲ್ಕು ನಲವತ್ತಕ್ಕೆ ಸೆಟ್ಟು ಕೆಮ್ಮಿತು, ಗೊರಗುಟ್ಟಿತು, ಬಾಯಿಬಿಟ್ಟಿತು. ಕಾರ್ಯದರ್ಶಿ ಮೈಕು ಹಿಡಿದರು. ಜೀವಮಾನದಲ್ಲಿ ಮೊದಲ ಸಲ ಅವರಿಗೆ ದನಿ ಹೊರಡಲಿಲ್ಲ. ಗಿಳಿ ಅದನ್ನು ಕಿತ್ತುಕೊಂಡ.

"ಎಲ್ಲ ದೋಣಿಗಳೂ, ಈ ಕ್ಷಣವೇ, ದಡಕ್ಕೆ ತಿರುಗತಕ್ಕದ್ದು!" ಥೇಟ್ ಕಾರ್ಯದರ್ಶಿಯದೇ ದನಿ.

ಒಂದೊಂದಾಗಿ ಉತ್ತರ ಬಂತು. ಅತ್ತೆ ಬೆರಳು ಮಡಿಸುತ್ತಾ ಹೋದರು. ಹತ್ತಾದವು. ಬೆರಳು ಮುಗಿದವು. ಬರೀ ಗೊರಗೊರ. ತಂತಿ ಸೆಟ್ಟಿಗೆ ಕಿವಿಯಿಟ್ಟು ಕಣ್ಣು ಮುಚ್ಚಿದ್ದ.

"ಇನ್ನೊಂದು ಉಪಗ್ರಹ ನಾಲ್ಕು ಐವತ್ತಕ್ಕೆ," ಎಂದ ಮೋಡದಣ್ಣ ಮೆಲ್ಲಗೆ. "ಸುಳಿ ಎಲ್ಲಿಗೆ ಬಂತು ಅಂತ ಗೊತ್ತಾಗುತ್ತೆ. ನಾನು ಕೂರಬಹುದಾ?"

"ನೀನೇ ಕೂರಬೇಕು. ಹೋಗು," ಎಂದರು ಅತ್ತೆ.

ಅವನು ಇಳಿದುಹೋದ ಮೇಲೆ ಸೆಟ್ಟಿನೊಳಗಿಂದ ಅಲೆಯ ಸದ್ದಿನ ಜೊತೆಗೊಂದು ಒರಟು ದನಿ ಎದ್ದುಬಂತು. "ಏ ಗಿಳೀ, ಕಾರ್ಯದರ್ಶಿ ಕೇಳಿಸ್ಕೊಂಡ್ರೆ ಕೆಲಸ ಹೋಗುತ್ತೆ ಕಣೋ! ತಿರುಗಿಸಿದ್ದೀವಿ. ನನ್ನ ತಮ್ಮನಿಗೆ ಹೇಳು."

ತಂತಿ ಸ್ಕ್ರೂಡ್ರೈವರನ್ನು ಹಿಡಿದುಕೊಂಡೇ ಅಳುತ್ತಿದ್ದ.

ಐದು ದಾಟಿದ ಮೇಲೆ ಮೋಡದಣ್ಣ ಹೊಸ ಹಾಳೆ ತಂದು ಗೋಡೆಗೆ ಅಂಟಿಸಿದ. ಅಂಚಿನುದ್ದಕ್ಕೂ ನಿಮಿಷಗಳನ್ನು ಕೈಯಲ್ಲೇ ಬರೆದಿದ್ದ. ಈ ಸಲ ಚಿತ್ರ ತಿರುಗಿಸಿರಲಿಲ್ಲ; ದ್ವೀಪ ತಲೆಕೆಳಗಾಗಿಯೇ ಇತ್ತು.